ಒಣ ತೂಕ

"ಇವಳನ್ನ ಒಳಗೆ ಬಿಟ್ಟೋರು ಯಾರು?"

ಕೇಳಿದವನು ಕರ್ಟಿಸ್ ನೈಬರ್ಗ್, ಆ ಕಚೇರಿಯ ಮುಖ್ಯ ಅಂದಾಜುಗಾರ. ಪ್ರೊಜೆಕ್ಟರ್ ಪರದೆಯ ಪಕ್ಕ ನಿಂತಿದ್ದವನು ಕೈಯಲ್ಲಿದ್ದ ಕಡ್ಡಿಯನ್ನು ಬಾಗಿಲ ಕಡೆ ತಿರುಗಿಸಿದ. ಈನೆಸ್ ಬರಗಾನ್ ಒಳಗೆ ಬಂದು ಬಾಗಿಲು ಹಾಕಿದಳು. ಮೇಜಿನ ಕೊನೆಯಲ್ಲಿ ಖಾಲಿ ಇದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು.

ಆ ಕುರ್ಚಿ ಖಾಲಿಯಾಗಿ ಹತ್ತೊಂಬತ್ತು ದಿನವಾಗಿತ್ತು. ಮೂವತ್ತು ವರ್ಷ ಅದರಲ್ಲಿ ಕೂತಿದ್ದ ಲೀಲ್ಯಾಂಡ್ ಸ್ಟ್ರೌಡ್ ಎದುರಿನ ಪಾರ್ಕಿಂಗ್ ಕಟ್ಟಡದ ನಾಲ್ಕನೇ ಮಹಡಿಯಿಂದ ಬಿದ್ದು ಸತ್ತಿದ್ದ. ಮುದುಕ ತಾನಾಗಿಯೇ ಹಾರಿದ ಎಂದು ಬರೆದು ಪೊಲೀಸರು ಇವತ್ತು ಸಂಜೆ ಐದಕ್ಕೆ ಕಡತ ಮುಚ್ಚುವವರಿದ್ದರು. ಹಾರುವುದಕ್ಕೆ ಅವನಿಗೆ ಕಾರಣವಿರಲಿಲ್ಲ, ತಳ್ಳುವುದಕ್ಕೆ ಬೇರೆಯವರಿಗೆ ಇತ್ತು ಎಂದು ಅಷ್ಟರೊಳಗೆ ತೋರಿಸಿಕೊಡಬೇಕಾದವಳು ಈನೆಸ್. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷವಾಗಿತ್ತು.

"ನಿಯಮದ ಪ್ರಕಾರ ಬಂದಿದ್ದೀನಿ" ಎಂದಳು. "ಕೊಲೆ ಮಂಡಳಿ ಮುಂದೆ ಒಂದು ಸಲ ನಿಂತೋರು ಯಾವಾಗ ಬೇಕಾದ್ರೂ ಬಂದು ಕೂರಬಹುದು. ನಾನು ಹನ್ನೊಂದು ಸಲ ನಿಂತಿದ್ದೀನಿ."

ಈಗ ಸೇನೆಯ ತನಿಖಾಧಿಕಾರಿಯಾಗಿದ್ದ ಈನೆಸ್ ಅದಕ್ಕೂ ಮೊದಲು ಒಂಬತ್ತು ವರ್ಷ ಇದೇ ಕಚೇರಿಯಲ್ಲಿ ಅಂದಾಜುಗಾರ್ತಿಯಾಗಿದ್ದಳು. ಸೇನೆ ಒಂದು ಉಪಗ್ರಹ ಕಟ್ಟಿಸಬೇಕಾದರೆ ಅದಕ್ಕೆ ಎಷ್ಟಾದೀತು ಎಂದು ಮುಂಚೆಯೇ ಹೇಳುವುದು ಇಲ್ಲಿಯವರ ಕೆಲಸ. ಹೇಳಿದ್ದಕ್ಕಿಂತ ಕಡಿಮೆಗೆ ಮುಗಿದ ಉಪಗ್ರಹವನ್ನು ಇಲ್ಲಿ ಯಾರೂ ಕಂಡಿಲ್ಲ. ಆದರೂ ವಾಷಿಂಗ್ಟನ್ನಿನ ದೊಡ್ಡವರ ಮುಂದೆ ಅಂಕಿ ಇಡುವುದಕ್ಕೆ ಎರಡು ದಿನ ಮೊದಲು, ತಮ್ಮವರೇ ಬಾಗಿಲು ಹಾಕಿಕೊಂಡು ಕೂತು ಆ ಅಂಕಿಯ ಚರ್ಮ ಸುಲಿಯುವ ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಅದಕ್ಕೇ ಕೊಲೆ ಮಂಡಳಿ ಎಂದು ಹೆಸರು. ಅಲ್ಲಿ ಆಡಿದ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ನಿಂತವನು ಪ್ರಶ್ನೆಗೆ ಉತ್ತರ ಹೇಳಬೇಕು, ಇಲ್ಲವೇ ಗೊತ್ತಿಲ್ಲ ಎನ್ನಬೇಕು, ಮೂರನೆಯ ದಾರಿಯಿಲ್ಲ. ಸೋತವನು ಮಾರನೇ ದಿನ ಎಲ್ಲರಿಗೂ ಡೋನಟ್ ತರಬೇಕು.

ಮೇಜಿನ ತಲೆಯಲ್ಲಿ ಕೂತಿದ್ದ ಕರ್ನಲ್ ಹೆಡ್ರಿಕ್ ಈನೆಸ್‌ಳನ್ನು ಮೇಲಿಂದ ಕೆಳಗೆ ನೋಡಿದ. ಈ ಯೋಜನೆಯ ಯಜಮಾನ ಅವನೇ. ಅವಳ ಮುಖ ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಆದರೆ ನಿಯಮ ಮುರಿಯುವ ಮನುಷ್ಯನೂ ಅಲ್ಲ.

"ಕೂರಲಿ" ಎಂದ. "ಪೊಲೀಸ್‌ಗಿರಿ ಮಾತ್ರ ಬೇಡ. ಅಂಕಿ ಬಗ್ಗೆ ಏನು ಬೇಕಾದ್ರೂ ಕೇಳು."

ನೈಬರ್ಗ್ ನಕ್ಕ. ಗುಲಾಬಿ ಬಣ್ಣದ ಡೋನಟ್ ಡಬ್ಬಿಯನ್ನು ಅವಳ ಕಡೆ ತಳ್ಳಿದ.

"ತಗೋ, ತಿನ್ನು. ಸತ್ತೋನ ಕುರ್ಚಿ ಮೆತ್ತಗಿದೆಯಾ?"

ಅವಳ ಕಪಾಳಕ್ಕೆ ರಕ್ತ ನುಗ್ಗಿತು. ಡಬ್ಬಿಯನ್ನು ಹಾಗೆಯೇ ವಾಪಸ್ ತಳ್ಳಿದಳು. ಮೇಜಿನ ಸುತ್ತ ಕೂತಿದ್ದ ಐವರು ಅಂದಾಜುಗಾರರು ತಮ್ಮ ತಮ್ಮ ಕಾಗದಗಳಲ್ಲಿ ತಲೆ ಹುದುಗಿಸಿದರು. ಎಲ್ಲರೂ ಸ್ಟ್ರೌಡ್ ಕೈಯಲ್ಲಿ ಕೆಲಸ ಕಲಿತವರೇ. ಅವನ ಮಣ್ಣಿಗೆ ಬಂದವರು ಮಾತ್ರ ಇಬ್ಬರು.

ನೈಬರ್ಗ್ ಮತ್ತೆ ಪರದೆಯ ಕಡೆ ತಿರುಗಿದ. ಯೋಜನೆಯ ಹೆಸರು ಲ್ಯಾಂಟರ್ನ್. ಶತ್ರು ಕ್ಷಿಪಣಿ ಹಾರಿಸಿದ ಕೂಡಲೇ ಮೇಲಿನಿಂದ ಕಂಡು ಎಚ್ಚರಿಸುವ ನಾಲ್ಕು ಉಪಗ್ರಹ. ಒಂದೊಂದಕ್ಕೆ ನೂರನಾಲ್ಕು ಕೋಟಿ ಡಾಲರ್. ಅಂಕಿ ಗಟ್ಟಿಯಾಗಿದೆ, ಗುರುವಾರ ಮಂಜೂರಾಗುತ್ತದೆ ಎಂದು ಅವನು ಎದೆಯುಬ್ಬಿಸಿ ಹೇಳಿದ.

"ನೂರನಾಲ್ಕು ಎಲ್ಲಿಂದ ಬಂತು?" ಈನೆಸ್ ಕೇಳಿದಳು.

"ಪಿಕೆಟ್‌ನಿಂದ."

"ಬಿಡಿಸಿ ಹೇಳು."

"ನೀನೇನು ನಿನ್ನೆ ಹುಟ್ಟಿದವಳಾ?"

"ನಿಂತವನು ಉತ್ತರ ಹೇಳಬೇಕು, ಕರ್ಟಿಸ್."

ಕರ್ನಲ್ ತಲೆಯಾಡಿಸಿದ. ನೈಬರ್ಗ್ ಹಲ್ಲು ಕಚ್ಚಿಕೊಂಡು ಬಿಡಿಸಿ ಹೇಳಿದ. ಪಿಕೆಟ್ ಹಳೆಯ ಉಪಗ್ರಹ, ಹದಿನಾಲ್ಕು ವರ್ಷದ ಹಿಂದೆ ಹಾರಿದ್ದು. ಲ್ಯಾಂಟರ್ನ್ ಅದರದೇ ಜಾತಿ, ಹೊಸ ತಲೆಮಾರು. ಪಿಕೆಟ್‌ಗೆ ನೂರ ಹದಿನೈದು ಕೋಟಿ ಇಪ್ಪತ್ತು ಲಕ್ಷ ಡಾಲರ್ ಖರ್ಚಾಗಿತ್ತು. ತೂಕ ಎರಡು ಸಾವಿರದ ಎಂಟುನೂರ ಎಂಬತ್ತು ಕಿಲೋ. ಅಂದರೆ ಕಿಲೋಗೆ ನಾಲ್ಕು ಲಕ್ಷ. ಲ್ಯಾಂಟರ್ನ್ ಎರಡು ಸಾವಿರದ ಆರುನೂರು ಕಿಲೋ ತೂಗುತ್ತದೆ ಎಂದು ನಕ್ಷೆ ಹೇಳುತ್ತದೆ. ಅಷ್ಟೇ ಲೆಕ್ಕ.

ಕೇಳಿದವರಿಗೆ ನಗು ಬರಬಹುದು, ಆದರೆ ಇವರ ವಿದ್ಯೆಯ ಬುಡ ಇರುವುದೇ ಇಲ್ಲಿ. ಉಪಗ್ರಹವನ್ನು ಹಿತ್ತಾಳೆ ಪಾತ್ರೆಯಂತೆ ತೂಕದ ಮೇಲೆ ಬೆಲೆ ಕಟ್ಟುತ್ತಾರೆ. ಹಳೆಯದು ಎಷ್ಟು ತೂಗಿತ್ತು, ಎಷ್ಟಾಗಿತ್ತು ಎಂದು ನೋಡಿ ಹೊಸದಕ್ಕೆ ಗುಣಿಸುತ್ತಾರೆ. ಆಮೇಲೆ ಇನ್ನೂರು ಪುಟದ ವರದಿ ಬರೆದು ಆ ಗುಣಾಕಾರವನ್ನು ಮುಚ್ಚುತ್ತಾರೆ.

"ಎರಡು ಸಾವಿರದ ಎಂಟುನೂರ ಎಂಬತ್ತು, ಒಣ ತೂಕಾನಾ?" ಎಂದಳು.

ಐವರಲ್ಲಿ ಒಬ್ಬ ತಲೆಯೆತ್ತಿದ.

"ಹೌದು" ಎಂದ ನೈಬರ್ಗ್. "ನಮ್ಮ ಪಟ್ಟಿಯಲ್ಲಿ ಇರೋದೆಲ್ಲಾ ಒಣ ತೂಕಾನೇ."

"ನೀನು ನೋಡಿದ್ದೀಯಾ?"

"ಪಟ್ಟಿಯಲ್ಲಿದೆ."

"ನೀನು ನೋಡಿದ್ದೀಯಾ ಅಂತ ಕೇಳಿದೆ."

ನೈಬರ್ಗ್ ಕಡ್ಡಿಯಿಂದ ಪರದೆಯ ಮೇಲಿನ ಅಂಕಿಯನ್ನು ತೋರಿಸಿದ. ಈನೆಸ್ ಕೈಚೀಲದಿಂದ ಪ್ಲಾಸ್ಟಿಕ್ ಹಾಳೆಯೊಳಗಿದ್ದ ಎರಡು ಹಳದಿ ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಮಡಚಿ ಮಡಚಿ ಅಂಚು ಸವೆದಿದ್ದವು. ಸ್ಟ್ರೌಡ್‌ನ ಹೆಂಡತಿ ವಿಲ್ಮಾ ಮೂರು ದಿನದ ಹಿಂದೆ ಅವನ್ನು ಅವಳ ಕೈಗೆ ಕೊಟ್ಟಿದ್ದಳು. ಗಂಡನ ಶೂ ಡಬ್ಬಿಯಲ್ಲಿ ಇದ್ದವಂತೆ. ನನ್ನ ಗಂಡ ಹಾರಲಿಲ್ಲ ಅಂತ ಹೇಳೋರು ನೀನು ಬಿಟ್ಟರೆ ಇನ್ಯಾರೂ ಇಲ್ಲ ಎಂದು ಆ ಮುದುಕಿ ಅವಳ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಹಿಡಿತ ಈಗಲೂ ಮೊಣಕೈ ಮೇಲೆ ಇದ್ದ ಹಾಗೆ ಈನೆಸ್‌ಗೆ ಅನಿಸುತ್ತಿತ್ತು.

"ಏನಿದು, ಲಾಂಡ್ರಿ ಚೀಟಿನಾ?" ಎಂದ ನೈಬರ್ಗ್.

"ಹೆದ್ದಾರಿಯ ವೇಬ್ರಿಡ್ಜ್ ಚೀಟಿ. ಪಿಕೆಟ್ ಇಲ್ಲಿಯ ಕಾರ್ಖಾನೆಯಿಂದ ಉತ್ತರದ ಉಡಾವಣಾ ನೆಲೆಗೆ ಲಾರಿಯಲ್ಲಿ ಹೋಯ್ತು. ಅಷ್ಟು ದೊಡ್ಡ ಲಾರಿ ದಾರೀಲಿ ತೂಕ ಹಾಕಿಸದೆ ಮುಂದಕ್ಕೆ ಹೋಗೋ ಹಾಗಿಲ್ಲ. ಮೊದಲನೇದು ಹೋಗುವಾಗಿಂದು, ಕಂಟೇನರ್ ಒಳಗೆ ಪಿಕೆಟ್ ಇದ್ದಾಗ. ಎರಡನೇದು ಮೂರು ದಿನ ಆದ್ಮೇಲೆ, ಅದೇ ಲಾರಿ, ಅದೇ ಕಂಟೇನರ್, ಅದೇ ಡ್ರೈವರ್, ಖಾಲಿ ವಾಪಸ್ ಬರುವಾಗ. ಪೌಂಡಿನಲ್ಲಿದೆ. ಕಿಲೋ ಮಾಡಿ ಕಳೆದು ನೋಡು."

ಯಾರೂ ಕೈ ಹಾಕಲಿಲ್ಲ. ಕೊನೆಗೆ ಕರ್ನಲ್ಲೇ ಚೀಟಿಗಳನ್ನು ಎಳೆದುಕೊಂಡು ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದ. ಲೆಕ್ಕ ಮುಗಿದ ಮೇಲೂ ಪೆನ್ನು ಎತ್ತಲಿಲ್ಲ.

"ಸಾವಿರದ ಒಂಬೈನೂರ ಇಪ್ಪತ್ತು" ಎಂದ.

"ಡೀಸೆಲ್!" ನೈಬರ್ಗ್ ತಟ್ಟನೆ ಹೇಳಿದ. "ಹೋಗುವಾಗ ಟ್ಯಾಂಕು ಎಷ್ಟು ತುಂಬಿತ್ತು, ಬರುವಾಗ ಎಷ್ಟು? ಲಾರಿ ತೂಕ ಅಂತ ಬಂದುಬಿಟ್ಟೆಯಲ್ಲ."

"ಎರಡು ಸಲವೂ ವೇಬ್ರಿಡ್ಜಿಗೆ ಮೊದಲು ಅದೇ ಬಂಕ್‌ನಲ್ಲಿ ಟ್ಯಾಂಕು ತುಂಬಿಸಿದ್ದಾನೆ. ಬಿಲ್ಲು ಅವನ ಹತ್ರ ಇದೆ. ನಿವೃತ್ತಿಯಾಗಿ ಮನೇಲಿದ್ದಾನೆ, ಒಂದು ಚೀಟಿಯನ್ನೂ ಬಿಸಾಕಿದವನಲ್ಲ, ಲೀಲ್ಯಾಂಡ್‌ಗೆ ಇವನ್ನ ಕೊಟ್ಟವನೂ ಅವನೇ. ಅಷ್ಟಕ್ಕೂ ಒಂಬೈನೂರ ಅರವತ್ತು ಕಿಲೋ ವ್ಯತ್ಯಾಸ ಇದೆ ಕರ್ಟಿಸ್. ಯಾವ ಲಾರಿ ಅಷ್ಟು ಡೀಸೆಲ್ ಕುಡಿಯುತ್ತೆ?"

ಐವರಲ್ಲಿ ಒಬ್ಬ ಸಣ್ಣಗೆ ನಕ್ಕು, ಕರ್ನಲ್ ನೋಡಿದ ಮೇಲೆ ನಿಲ್ಲಿಸಿದ.

"ಒಂಬೈನೂರ ಅರವತ್ತು ಏನು ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು" ಎಂದು ಈನೆಸ್ ಮುಂದುವರಿಸಿದಳು. "ಅದು ಪಿಕೆಟ್‌ನ ಇಂಧನ. ಕಾರ್ಖಾನೆಯಿಂದ ಒಣಗಿಕೊಂಡು ಹೊರಡುತ್ತೆ, ಉಡಾವಣಾ ನೆಲೆಯಲ್ಲಿ ಹೊಟ್ಟೆ ತುಂಬಿಸ್ತಾರೆ. ನಮ್ಮ ಪಟ್ಟಿಯಲ್ಲಿ ಕೂತಿರೋದು ಹೊಟ್ಟೆ ತುಂಬಿದ ಮೇಲಿನ ತೂಕ."

ನೀರು ತುಂಬಿದ ಬಿಂದಿಗೆಯನ್ನು ತೂಗಿ, ಹಿತ್ತಾಳೆ ಕಿಲೋಗೆ ಇಷ್ಟೇ ಎಂದು ತಿಳಿದುಕೊಂಡ ಹಾಗಾಗಿತ್ತು. ನೀರಿಗೇನು ಬೆಲೆ? ಇಂಧನಕ್ಕೂ ಅಷ್ಟೆ, ಉಪಗ್ರಹದ ಬೆಲೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಖರ್ಚಾದ ದುಡ್ಡೆಲ್ಲ ಆ ಸಾವಿರದ ಒಂಬೈನೂರ ಇಪ್ಪತ್ತು ಕಿಲೋ ಯಂತ್ರಕ್ಕೆ ಆಗಿದ್ದು. ಹಾಗಾದರೆ ಕಿಲೋಗೆ ನಾಲ್ಕು ಲಕ್ಷವಲ್ಲ, ಆರು ಲಕ್ಷ. ಒಂದು ಲ್ಯಾಂಟರ್ನ್‌ಗೆ ನೂರನಾಲ್ಕಲ್ಲ, ನೂರ ಐವತ್ತಾರು ಕೋಟಿ. ನಾಲ್ಕಕ್ಕೆ ಸೇರಿ ಇನ್ನೂರ ಎಂಟು ಕೋಟಿ ಡಾಲರ್ ಎಲ್ಲಿಂದಲೋ ಬರಬೇಕಿತ್ತು, ಬರುವ ಜಾಗ ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ವಿಮಾನವೊಂದು ತೀರಾ ತಗ್ಗಿನಲ್ಲಿ ನಿಲ್ದಾಣದ ಕಡೆ ಇಳಿಯಿತು. ಅದರ ಸದ್ದು ಅಡಗುವ ತನಕ ಎಲ್ಲರೂ ಕಾದರು.

"ಇದು ನಿನಗೆ ಗೊತ್ತಿತ್ತು" ಎಂದಳು ಈನೆಸ್. "ಲೀಲ್ಯಾಂಡ್ ಈ ಚೀಟಿ ತಗೊಂಡು ನಿನ್ನ ಹತ್ರ ಬಂದಿದ್ದ. ಹೌದು ಅನ್ನು, ಅಲ್ಲ ಅನ್ನು."

ನೈಬರ್ಗ್ ಕಡ್ಡಿಯನ್ನು ಮೇಜಿನ ಮೇಲಿಟ್ಟ. ಅವನ ಕತ್ತು ಕೆಂಪಗಾಗಿತ್ತು, ಆದರೆ ದನಿ ಅಲುಗಲಿಲ್ಲ.

"ಬಂದಿದ್ದ. ಗುರುವಾರದ ಮಂಜೂರಾತಿ ಮುಗೀಲಿ, ಆಮೇಲೆ ತಿದ್ದೋಣ ಅಂದೆ. ಅದರಲ್ಲಿ ತಪ್ಪೇನು?"

"ತಪ್ಪೇನು ಅಂತ ಕೇಳ್ತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ಆಗಲ್ಲ. ನೀನು ಈ ಕೆಲಸ ಬಿಟ್ಟು ಓಡಿಹೋದೆ, ನಾವಿಲ್ಲಿ ಉಳಿದ್ವಿ. ಸರಿಯಾದ ಅಂಕಿ ಹೇಳಿ ಹುಟ್ಟಿದ ಒಂದೇ ಒಂದು ಉಪಗ್ರಹ ತೋರಿಸು ನೋಡೋಣ. ನೂರ ಐವತ್ತಾರು ಅಂತ ಹೇಳಿದ್ರೆ ಗುರುವಾರವೇ ಲ್ಯಾಂಟರ್ನ್‌ಗೆ ಎಳ್ಳುನೀರು. ನೂರನಾಲ್ಕು ಅಂದ್ರೆ ಕೆಲಸ ಶುರುವಾಗುತ್ತೆ. ಅರ್ಧ ಕಟ್ಟಿದ್ದನ್ನ ಯಾರೂ ನಿಲ್ಲಿಸಲ್ಲ, ಬೈದುಕೊಂಡು ಮಿಕ್ಕಿದ್ದು ಕೊಡ್ತಾರೆ. ಇದು ನಿನ್ನ ಗುರುವಿಗೂ ಗೊತ್ತಿತ್ತು. ಮೂವತ್ತು ವರ್ಷ ಅವನೂ ಇದೇ ಮಾಡಿದ್ದು."

"ಅವನು ಸುಳ್ಳು ಹೇಳಲಿಲ್ಲ."

"ಸುಳ್ಳು ಹೇಳೋರ ಪಕ್ಕ ಸುಮ್ಮನೆ ಕೂತಿದ್ದ. ಎಷ್ಟು ವ್ಯತ್ಯಾಸ?"

ಆ ಮಾತು ಅವಳಿಗೆ ನಾಟಿತು. ಸ್ಟ್ರೌಡ್ ಹಾಗೆ ಕೂತಿದ್ದನ್ನು ಅವಳೂ ನೋಡಿದ್ದಳು. ಕೆಲಸ ಬಿಟ್ಟು ಹೋಗುವ ದಿನ ಅವನೊಂದಿಗೆ ಇದೇ ವಿಷಯಕ್ಕೆ ಜಗಳವಾಡಿದ್ದಳು. ನೀನು ಹೆದರುಪುಕ್ಕ ಎಂದು ಬಾಯಿಬಿಟ್ಟು ಹೇಳಿದ್ದಳು. ಅವನು ತನ್ನ ಕೆಂಪು ಪೆನ್ಸಿಲ್ಲನ್ನು ಚೂಪು ಮಾಡುತ್ತಾ ಕೂತಿದ್ದನೇ ಹೊರತು ಎದುರಾಡಲಿಲ್ಲ.

"ಕೊನೆಗೆ ಸುಮ್ಮನಿರಲ್ಲ ಅಂದ ಅಲ್ವಾ?" ಎಂದಳು. "ಸುಮ್ಮನಿರಲ್ಲ ಅಂದಿದ್ದಕ್ಕೆ ನಾಲ್ಕು ಮಹಡಿ ಕೆಳಗೆ ಬಿದ್ದ."

"ಆ ಸಂಜೆ ನಾನು ಡೆನ್ವರ್‌ನಲ್ಲಿದ್ದೆ. ಟಿಕೆಟ್ಟು, ಹೋಟೆಲ್ ಬಿಲ್ಲು ಎಲ್ಲಾ ಪೊಲೀಸರ ಹತ್ರ ಇದೆ. ನೀನೂ ನೋಡಿದ್ದೀಯ. ನೋಡಿಯೂ ಇಲ್ಲಿ ಬಂದು ಎಲ್ಲರ ಮುಂದೆ ನನ್ನ ಮುಖಕ್ಕೆ ಮಸಿ ಬಳೀತಿದ್ದೀಯ."

ಕರ್ನಲ್ ಮೇಜು ಕುಟ್ಟಿದ. ಅಂಕಿ ಬಿಟ್ಟು ಬೇರೆ ಮಾತು ಬಂದರೆ ಇಬ್ಬರನ್ನೂ ಹೊರಗೆ ಹಾಕುತ್ತೇನೆ ಎಂದ.

"ಅಂಕಿ ಬಗ್ಗೇನೇ ಕೇಳ್ತೀನಿ" ಎಂದಳು ಈನೆಸ್. "ಪಟ್ಟಿಗೆ ಈ ತೂಕ ಸೇರಿಸಿದವರು ಯಾರು?"

ಇದು ಅವಳು ಉಳಿಸಿಕೊಂಡಿದ್ದ ಬಾಣ. ನೈಬರ್ಗ್ ಅವತ್ತು ಊರಿನಲ್ಲಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಬೇಕೆಂದೇ ಯಾರೋ ಒದ್ದೆ ತೂಕವನ್ನು ಪಟ್ಟಿಗೆ ತುರುಕಿದ್ದಾರೆ, ಅದು ಬಯಲಾದರೆ ಜೈಲಿಗೆ ಹೋಗುವವನೇ ಸ್ಟ್ರೌಡ್‌ನನ್ನು ತಳ್ಳಿದವನು ಎಂದು ಮೂರು ದಿನದಿಂದ ಲೆಕ್ಕ ಹಾಕಿದ್ದಳು. ಆ ಹೆಸರು ಸಿಗುವ ಜಾಗ ಒಂದೇ. ಪ್ರತಿ ಅಂಕಿಗೂ ಒಂದು ಹಾಳೆ ಇರಬೇಕು, ಅದು ಎಲ್ಲಿಂದ ಬಂತು, ಯಾರ ಬಾಯಿಂದ ಬಂತು ಎಂದು ಬರೆದು ತಂದವರು ಪೂರ್ತಿ ಹೆಸರು ಹಾಕಬೇಕು ಎನ್ನುವುದು ಸ್ಟ್ರೌಡ್ ಮಾಡಿದ್ದ ಕಟ್ಟಳೆ. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೂ ಹಾಳೆಗಳು ಲಿಯೆನ್ ಡೋ ಎಂಬವಳ ಬೀರುವಿನಲ್ಲಿ ಹಾಗೇ ಇದ್ದವು.

ಲಿಯೆನ್‌ಗೆ ಅರವತ್ತೆರಡು ವರ್ಷ. ಹುಡುಗಿಯಾಗಿದ್ದಾಗ ಸೈಗಾನ್‌ನಿಂದ ದೋಣಿಯಲ್ಲಿ ಬಂದವಳು, ಇಪ್ಪತ್ತೇಳು ವರ್ಷದಿಂದ ಈ ಕಚೇರಿಯ ಕಾಗದಪತ್ರ ಕಾಯುತ್ತಿದ್ದವಳು. ಕರ್ನಲ್ ಕರೆಸಿದಾಗ ಬಾಗಿಲ ಬಳಿ ನಿಂತು ವಿಷಯ ಕೇಳಿಸಿಕೊಂಡು ಹೋದಳು. ಹತ್ತು ನಿಮಿಷದ ಮೇಲೆ ಬೂದು ಬಣ್ಣದ ಕವರೊಂದನ್ನು ಎದೆಗವಚಿಕೊಂಡು ಬಂದಳು. ಬಂದವಳು ಮೇಜಿನ ಹತ್ತಿರ ಬರಲಿಲ್ಲ.

"ಈನೆಸ್, ಒಂದ್ನಿಮಿಷ ಹೊರಗೆ ಬಾಮ್ಮ" ಎಂದಳು.

"ಇಲ್ಲೇ ಹೇಳಿ ಲಿಯೆನ್."

"ಹೊರಗೆ ಬಾ. ನೀನೊಬ್ಬಳೇ ನೋಡು ಮೊದಲು."

ನೈಬರ್ಗ್‌ಗೆ ಕೈಕಾಲು ಬಿದ್ದುಹೋಗಿದೆ, ಅವನ ಮರ್ಯಾದೆ ಉಳಿಸಲು ಇವಳು ಒದ್ದಾಡುತ್ತಿದ್ದಾಳೆ ಎಂದುಕೊಂಡಳು ಈನೆಸ್. ಇಲ್ಲಿಯವರೆಲ್ಲ ಒಬ್ಬರನ್ನೊಬ್ಬರು ಮುಚ್ಚಿಡುತ್ತಾ ಬಂದೇ ಒಬ್ಬ ಮನುಷ್ಯ ಸತ್ತ. ಅವಳಿಗೆ ರೇಗಿಹೋಯಿತು.

"ಯಾರನ್ನೂ ಮುಚ್ಚಿಡೋದು ಬೇಡ. ಎಲ್ಲರಿಗೂ ಕೇಳೋ ಹಾಗೆ ಗಟ್ಟಿಯಾಗಿ ಓದಿ."

ಲಿಯೆನ್ ಕರ್ನಲ್ ಮುಖ ನೋಡಿದಳು. ಓದು ಎಂದು ಅವನು ಕೈ ಮಾಡಿದ. ಅವಳು ಕನ್ನಡಕ ಏರಿಸಿಕೊಂಡು ಹಾಳೆಯನ್ನು ದೂರ ಹಿಡಿದಳು.

"ಪಿಕೆಟ್. ತೂಕ ಎರಡು ಸಾವಿರದ ಎಂಟುನೂರ ಎಂಬತ್ತು. ಎಲ್ಲಿಂದ ಬಂತು ಅಂದ್ರೆ, ಉಡಾವಣಾ ನೆಲೆ, ಫೋನ್ ಮೇಲೆ. ತಂದವರು..." ಅವಳು ಹಾಳೆಯ ಮೇಲಿಂದ ಈನೆಸ್‌ಳನ್ನು ನೋಡಿದಳು. "ತಂದವರು, ಈನೆಸ್ ಬರಗಾನ್."

ಈನೆಸ್ ಎದ್ದುಹೋಗಿ ಹಾಳೆಯನ್ನು ಕಸಿದುಕೊಂಡಳು. ಅವಳದೇ ಕೈಬರಹ. ಆಗ ಅವಳು ಅಕ್ಷರಗಳನ್ನು ದುಂಡಗೆ, ಒತ್ತಿ ಬರೆಯುತ್ತಿದ್ದಳು. ಈ ಕಚೇರಿಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ.

ನೆನಪು ತಾನಾಗಿಯೇ ಬಂತು. ಕಿಟಕಿಯ ಪಕ್ಕದ ಮೇಜು, ಸುರುಳಿ ತಂತಿಯ ಫೋನು, ಉಡಾವಣಾ ನೆಲೆಯ ಖುಷಿಯ ದನಿಯ ಎಂಜಿನಿಯರ್. ಉಪಗ್ರಹ ಎಷ್ಟು ತೂಗುತ್ತೆ ಎಂದು ಕೇಳಿದ್ದಳು. ಇವತ್ತು ಬೆಳಗ್ಗೆ ತಾನೇ ತೂಗಿದೆವು ಎಂದು ಅವನು ಕೂಡಲೇ ಅಂಕಿ ಹೇಳಿದ್ದ. ಥ್ಯಾಂಕ್ಸ್ ಹೇಳಿ ಫೋನಿಟ್ಟಿದ್ದಳು. ಒಣಗಿದ್ದಾ, ತುಂಬಿದ್ದಾ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಮೊದಲ ದಿನವೇ ಆ ಎರಡು ಮಾತು ಹೇಳಿಕೊಟ್ಟವಳು ಅವಳೇ.

ಯಾರ ಮೋಸವೂ ಇರಲಿಲ್ಲ. ಯಾರೂ ಏನನ್ನೂ ತುರುಕಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವಳ ತಪ್ಪೇ ಅವಳ ಹೆಸರು ಹೊತ್ತುಕೊಂಡು ಬೀರುವಿನಲ್ಲಿ ಕೂತಿತ್ತು. ಅವಳಿಗೆ ಅಸಹ್ಯವಾಯಿತು, ತನ್ನ ಬಗ್ಗೆಯೇ.

ನೈಬರ್ಗ್ ನಗತೊಡಗಿದ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಬಿಟ್ಟು.

"ಅದಕ್ಕೇ ಲೀಲ್ಯಾಂಡ್ ಹೆಸರು ಹೇಳಲಿಲ್ಲ ನೋಡಿ! ಯಾರ ತಪ್ಪಯ್ಯಾ ಅಂತ ನಾನು ಹತ್ತು ಸಲ ಕೇಳಿದೆ. ಅದು ನನ್ನ ಜವಾಬ್ದಾರಿ ಅಂದ, ಬಾಯಿ ಬಿಡಲಿಲ್ಲ. ತನ್ನ ಮುದ್ದಿನ ಹುಡುಗೀನ ಕಾಯ್ತಿದ್ದ. ನಾಳೆ ಡೋನಟ್ ತರೋದು ನೀನೇ ಬರಗಾನ್, ನನಗೆ ಚಾಕೊಲೇಟ್ ಇರಲಿ."

"ಸಾಕು" ಎಂದ ಕರ್ನಲ್. ಅವನು ಹಳದಿ ಚೀಟಿಗಳನ್ನು ಜೋಡಿಸಿ ಅವಳ ಕಡೆ ನೂಕಿದ. ಅವನ ದನಿಯಲ್ಲಿ ಮೊದಲ ಸಲ ಒಂದು ಬಗೆಯ ಮೆದುತನವಿತ್ತು. ಅದನ್ನು ಕೇಳಿ ಈನೆಸ್‌ಗೆ ಇನ್ನಷ್ಟು ಸಿಟ್ಟು ಬಂತು.

"ನೋಡು, ಈ ಕೋಣೆ ಮಾತು ಹೊರಗೆ ಹೋಗಲ್ಲ. ಚೀಟಿ ನಿನ್ನ ಚೀಲಕ್ಕೆ ಹೋಗಲಿ, ಹಾಳೆ ಬೀರುವಿಗೆ ಹೋಗಲಿ. ಗುರುವಾರ ಆಗಿಹೋಗಲಿ. ಆಮೇಲೆ ನಿಧಾನಕ್ಕೆ ಯಾರದೂ ಹೆಸರು ಬರದ ಹಾಗೆ ತಿದ್ದಿಕೊಳ್ಳೋಣ. ನೀನು ತನಿಖಾಧಿಕಾರಿ. ನಿನ್ನ ತಪ್ಪಿನ ಮೇಲೆ ನೀನೇ ತನಿಖೆ ಮಾಡ್ತಿದ್ದೆ ಅಂತ ಗೊತ್ತಾದ್ರೆ ಕೆಲಸ ಇರುತ್ತಾ?"

ಇರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಕೆಲಸ ಹೋಗುವುದಷ್ಟೇ ಅಲ್ಲ, ಸ್ಟ್ರೌಡ್ ಸತ್ತಿದ್ದರಿಂದ ಯಾರ ಹೆಸರು ಉಳಿಯಿತು ಎಂದು ಪೊಲೀಸರು ಕೇಳಿದರೆ ಬೆರಳು ನೇರವಾಗಿ ಅವಳ ಕಡೆ ತಿರುಗುತ್ತಿತ್ತು. ಸುಮ್ಮನಿದ್ದರೆ ಐದು ಗಂಟೆಗೆ ಕಡತ ಮುಚ್ಚುತ್ತದೆ. ಮುದುಕ ಹಾರಿದ ಎಂದು ಶಾಶ್ವತವಾಗಿ ಬರೆದಿರುತ್ತದೆ, ವಿಲ್ಮಾ ಅದನ್ನೇ ಓದಿಕೊಂಡು ಸಾಯುತ್ತಾಳೆ.

ಅವನನ್ನು ಹೆದರುಪುಕ್ಕ ಎಂದು ಕರೆದವಳು ಇವಳು.

ಕುರ್ಚಿಯ ಮುಂದೆ ಸ್ಟ್ರೌಡ್‌ನ ಕಾಫಿ ಲೋಟ ಇನ್ನೂ ಇತ್ತು. ಅದರಲ್ಲಿದ್ದ ಕೆಂಪು ಪೆನ್ಸಿಲ್ಲುಗಳಲ್ಲಿ ಒಂದನ್ನು ಈನೆಸ್ ಎತ್ತಿಕೊಂಡಳು. ಹಾಳೆಯನ್ನು ಮೇಜಿನ ಮೇಲೆ ಹರಡಿ, ಎರಡು ಸಾವಿರದ ಎಂಟುನೂರ ಎಂಬತ್ತರ ಮೇಲೆ ಒಂದೇ ಗೆರೆ ಎಳೆದಳು. ಪಕ್ಕದಲ್ಲಿ ಸಾವಿರದ ಒಂಬೈನೂರ ಇಪ್ಪತ್ತು ಎಂದು ಬರೆದಳು. ಕೆಳಗೆ ಹೆಸರು, ಇವತ್ತಿನ ತಾರೀಖು.

"ಏನ್ ಮಾಡ್ತಿದ್ದೀಯ?" ನೈಬರ್ಗ್‌ನ ನಗು ನಿಂತಿತ್ತು.

"ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ, ಸರಿ. ಹಾಳೆ ಹೋಗುತ್ತೆ. ತಿದ್ದಿದ ಹಾಳೆ ಇಟ್ಟುಕೊಂಡು ಗುರುವಾರ ಹಳೇ ಅಂಕಿ ಓದಿದ್ರೆ ಅದು ತಪ್ಪಲ್ಲ ಕರ್ಟಿಸ್, ಮೋಸ. ಓದು, ಧೈರ್ಯ ಇದ್ರೆ."

ನೈಬರ್ಗ್ ಹಾಳೆಗೆ ಕೈ ಹಾಕಿದ. ಅವಳು ಮೊಣಕೈಯಿಂದ ತಡೆದಳು. ಐವರಲ್ಲಿ ತಲೆಯೆತ್ತಿದ್ದವನು ಎದ್ದು ಇಬ್ಬರ ನಡುವೆ ನಿಂತ. ಬಿಡು ಕರ್ಟಿಸ್, ಮುಗೀತು ಎಂದ.

ತಿದ್ದಿದವರು ಹಿಂಬದಿಯಲ್ಲಿ ಕಾರಣ ಬರೆಯಬೇಕು, ಅದೂ ಸ್ಟ್ರೌಡ್‌ನ ಕಟ್ಟಳೆಯೇ. ಈನೆಸ್ ಹಾಳೆ ತಿರುವಿದಳು.

ಹಿಂಬದಿ ಖಾಲಿ ಇರಲಿಲ್ಲ. ಕೆಂಪು ಪೆನ್ಸಿಲ್ಲಿನ ಮೂರು ಸಾಲು, ಓರೆಯಾಗಿ. ಆ ಬರಹವನ್ನು ಅವಳು ಎಲ್ಲಿದ್ದರೂ ಗುರುತಿಸಬಲ್ಲಳು. ತಾರೀಖು ಅವನು ಸತ್ತ ದಿನದ್ದು.

'ತಪ್ಪು ಈನೆಸ್‌ದು. ಬೇರೆಯವರ ಬಾಯಿಂದ ಅವಳಿಗೆ ಗೊತ್ತಾಗಬಾರದು, ನಾನೇ ಹೇಳುತ್ತೇನೆ. ಇವತ್ತು ಆರು ಗಂಟೆಗೆ ಪಾರ್ಕಿಂಗಿನ ನಾಲ್ಕನೇ ಮಹಡಿಗೆ ಬರುತ್ತೇನೆ ಎಂದಿದ್ದಾಳೆ.'

ಅವಳು ಎರಡು ಸಲ ಓದಿದಳು. ಅವಳು ಯಾರಿಗೂ ಬರುತ್ತೇನೆ ಎಂದಿರಲಿಲ್ಲ. ಸ್ಟ್ರೌಡ್‌ನೊಂದಿಗೆ ಮಾತಾಡಿ ಎರಡು ತಿಂಗಳಾಗಿತ್ತು.

ಕರ್ನಲ್ ಅವಳ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದುದು ಅವನ ಉಸಿರು ತಾಕಿದಾಗಲೇ ಅವಳಿಗೆ ಗೊತ್ತಾದದ್ದು.

ಸ್ಟ್ರೌಡ್ ಜೇಬಿನಲ್ಲಿ ಫೋನು ಇಟ್ಟುಕೊಂಡವನಲ್ಲ. ಯಾರು ಏನು ಹೇಳಬೇಕಿದ್ದರೂ ಲಿಯೆನ್ ಮೇಜಿಗೆ ಫೋನ್ ಮಾಡಬೇಕಿತ್ತು, ಅವಳು ಚೀಟಿಯಲ್ಲಿ ಬರೆದು ಅವನಿಗೆ ಕೊಡುತ್ತಿದ್ದಳು. ಈನೆಸ್ ಬಾಗಿಲ ಕಡೆ ತಿರುಗಿದಳು.

"ಲಿಯೆನ್, ನಾನು ಬರ್ತೀನಿ ಅಂತ ಲೀಲ್ಯಾಂಡ್‌ಗೆ ಹೇಳಿದ್ದು ಯಾರು?"

"ನಾನು."

"ನಿಮಗೆ ಯಾರು ಹೇಳಿದ್ರು?"

ಲಿಯೆನ್ ಖಾಲಿ ಕವರನ್ನು ಇನ್ನೂ ಎದೆಗವಚಿಕೊಂಡೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

"ಅದಕ್ಕೇ ಹೊರಗೆ ಬಾ ಅಂದೆ. ನೀನೇ ಕಣಮ್ಮ. ನಾಲ್ಕೂ ಹತ್ತಕ್ಕೆ ನೀನು ಫೋನ್ ಮಾಡಿದೆ. ನಿನ್ನ ದನಿ ನನಗೆ ಗೊತ್ತಿಲ್ವಾ? ನನ್ನ ಮೊಮ್ಮಗಳ ಜ್ವರ ಬಿಡ್ತಾ ಅಂತ ಕೂಡ ನೀನು ಕೇಳಿದೆ. ಪೊಲೀಸರು ಬಂದಾಗ ನಿನ್ನ ಹೆಸರು ಹೇಳಲಿಲ್ಲ ನಾನು. ಹತ್ತೊಂಬತ್ತು ದಿನದಿಂದ ಹೊಟ್ಟೇಲಿಟ್ಟುಕೊಂಡಿದ್ದೀನಿ."

ಈನೆಸ್‌ಗೆ ಆ ಮೊಮ್ಮಗಳು ಹುಟ್ಟಿದ್ದೇ ಗೊತ್ತಿರಲಿಲ್ಲ.

ಐವರೂ ಈಗ ಅವಳನ್ನೇ ನೋಡುತ್ತಿದ್ದರು. ನಡುವೆ ನಿಂತಿದ್ದವನು ಒಂದು ಹೆಜ್ಜೆ ಹಿಂದೆ ಸರಿದ. ನೈಬರ್ಗ್ ಪರದೆಯ ಪಕ್ಕದಿಂದ ಬಂದು ಮೇಜಿನ ಹತ್ತಿರ ಕೂತ. ನಿಂತಿರುವವಳು ಅವಳೊಬ್ಬಳೇ ಎನ್ನುವುದು ಅವಳಿಗೆ ಆಗ ಅರಿವಾಯಿತು.

ಕರ್ನಲ್ ಹೆಡ್ರಿಕ್ ನಡೆದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಆ ದಿನ ಆರು ಗಂಟೆಗೆ ಎಲ್ಲಿದ್ದೆ ಬರಗಾನ್? ನಿಯಮ ಗೊತ್ತಲ್ಲ. ಉತ್ತರ ಹೇಳು, ಇಲ್ಲಾ ಗೊತ್ತಿಲ್ಲ ಅನ್ನು."

ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆರು ಗಂಟೆಗೆ ಅವಳು ಎರಡು ಬೀದಿ ಆಚೆ ಕಡಲ ದಂಡೆಯಲ್ಲಿ ಕಾರು ನಿಲ್ಲಿಸಿಕೊಂಡು ಒಬ್ಬಳೇ ಟಾಕೊ ತಿನ್ನುತ್ತಿದ್ದಳು. ಅಲ್ಲಿಗೆ ಬಾ, ಕಾದಿರು ಎಂದು ಅವಳಿಗೂ ಆ ಮಧ್ಯಾಹ್ನ ಒಂದು ಫೋನು ಬಂದಿತ್ತು, ಕಾದರೂ ಯಾರೂ ಬಂದಿರಲಿಲ್ಲ. ಮಾತಾಡಿದ್ದು ಲಿಯೆನ್ ದನಿ, ತಾನು ಮಾಡದ ಫೋನಿನಲ್ಲಿ ತನ್ನ ದನಿ ಕೇಳಿಸಿದ್ದ ಹಾಗೆಯೇ.